ಲಾರಿ ಸಾಲಿನ ಕೆಂಪು ಕಾರು

ಭಗವಂತ ಮೊದಲು ನನ್ನ ಮುಖ ನೋಡಲಿಲ್ಲ. ನನ್ನ ಬಿಳಿ ಸೀರೆಯ ಮೇಲೆ ಕರಿ ಹೊಗೆ ಬಿಟ್ಟು ಹೋದ.

ಸುಳ್ಳು ಯಾಕೆ ಹೇಳಲಿ, ಆಗ ಪ್ರೀತಿ ಗೀತಿ ಏನೂ ಹುಟ್ಟಲಿಲ್ಲ. ಹಿಡಿದು ಎರಡು ಬಿಡಬೇಕು ಅನ್ನಿಸಿತು. ಎಂಬತ್ನಾಲ್ಕನೇ ಇಸವಿ, ಜನವರಿ ತಿಂಗಳು. ನಾನು ಸೇಡಂ ಸರಕಾರಿ ದವಾಖಾನೆಯಲ್ಲಿ ನರ್ಸ್. ಹಳ್ಳಿಹಳ್ಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವ ಕೆಲಸ. ಆವತ್ತು ಕೋಡ್ಲಾದ ಬಸ್ಸು ಅರ್ಧ ದಾರಿಗೆ ಕೆಟ್ಟು ನಿಂತಿತ್ತು. ಐಸು ತುಂಬಿದ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದೆ. ಹಿಂದಿನಿಂದ ಲಾರಿಯ ಸದ್ದು ಬಂತು, ಬದಿಗೆ ಸರಿದೆ. ಹಾದು ಹೋದದ್ದು ಲಾರಿಯಲ್ಲ. ಗುಬ್ಬಿಯಷ್ಟು ಒಂದು ಕೆಂಪು ಕಾರು!

ಎಷ್ಟು ಜೋರಾಗಿ ಓಡಿದರೇನು? ಕಾಲು ಮೈಲಿ ಮುಂದೆ ಖಣಿಯ ಆಳು ಕೆಂಪು ನಿಶಾನೆ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದ. ನಮ್ಮ ಕಡೆ ಸುಣ್ಣಕಲ್ಲಿನ ಖಣಿಯಲ್ಲಿ ಕಲ್ಲು ಸಿಡಿಸುವ ಹೊತ್ತಿಗೆ ರಸ್ತೆ ಬಂದ್. ಸಾಹೇಬರ ಜೀಪು ಬರಲಿ, ಮದುವೆಯ ಮಂದಿ ಬರಲಿ, ಸೀಟಿ ಊದುವ ತನಕ ಯಾರನ್ನೂ ಬಿಡುವುದಿಲ್ಲ. ನಾನು ಬಿರಬಿರನೆ ನಡೆದು ಕಾರಿನ ಮುಂದೆ ಹೋಗಿ ನಿಂತೆ.

"ಕಣ್ಣು ಎಲ್ಲಿಟ್ಟೀರಿ ನಿಮ್ಮವು? ಈ ಸೀರಿ ನೋಡ್ರಿ!"

ಭಗವಂತ ಅಂದರೆ ಇವನೇ, ಕಾರಿನಿಂದ ಇಳಿದ. ಎಣ್ಣೆಗೈ, ಬಲಗಡೆ ಹುಬ್ಬಿನ ಮೇಲೆ ಒಂದು ಹನಿ ಕೆಂಪು ಬಣ್ಣ. ಸೀರೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಆಮೇಲೆ ಮತ್ತೆ ಸೀರೆ ನೋಡಬೇಕಾಗಿತ್ತು, ನೋಡಲಿಲ್ಲ.

"ಅಯ್ಯ, ಕರ್ರಗಾಗ್ಯಾದಲ್ರಿ."

"ಆಗ್ಯಾದ ಅಲ್ಲ. ನೀವು ಮಾಡೀರಿ."

"ನಾ ಅಲ್ರಿ, ಇಕಿ ಮಾಡ್ಯಾಳ." ಕಾರಿನ ಬಾನೆಟ್ ತಟ್ಟಿದ. "ನಿಂತು ಹೊಂಟ್ರ ಜರಾ ಕೆಮ್ಮತಾಳ. ಆಮ್ಯಾಲ ಚಲೋ ಆಗ್ತಾಳ."

"ಎಷ್ಟು ದಿನದ ಕೆಮ್ಮು? ಕರಕೊಂಡು ಬರ್ರಿ ದವಾಖಾನಿಗಿ, ದಪ್ಪನ್ನ ಸೂಜಿ ಚುಚ್ಚತೀನಿ. ಇಕಿಗಲ್ಲ, ನಿಮಗ."

ನಿಶಾನೆಯವನು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ. ಇವನೂ ನಕ್ಕ. ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ಆ ಸಂದು ನನಗೆ ಯಾಕೆ ನೆನಪಿರಬೇಕು? ನಲವತ್ತು ವರ್ಷದ ಮೇಲಾದರೂ ಇದೆ.

ಅಷ್ಟರಲ್ಲಿ ಖಣಿಯಲ್ಲಿ ಧಡ್ ಎಂದು ಕಲ್ಲು ಸಿಡಿಯಿತು. ಕಾಲ ಕೆಳಗಿನ ನೆಲ ನಡುಗಿತು. ನಾನು ಗಾಬರಿಯಾಗಿ ಕಾರಿನ ಬಾಗಿಲು ಹಿಡಿದುಕೊಂಡೆ. ಅವನು ನೋಡುತ್ತಿದ್ದಾನೆ ಎಂದು ಗೊತ್ತಾದ ಕೂಡಲೇ ಬಿಟ್ಟೆ.

"ಹಿಡೀರಿ, ಇಕಿ ಕಚ್ಚಂಗಿಲ್ಲ," ಎಂದ.

ಕೋಡ್ಲಾದಲ್ಲಿ ಕಂಕುಳ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಕಾಯುತ್ತಿದ್ದರು. ಐಸು ಕರಗುತ್ತಿತ್ತು. ಸಿಟ್ಟು ಹಿಡಿದುಕೊಂಡು ಕೂತರೆ ಲಸಿಕೆ ಕೆಡುತ್ತದೆ. "ಬಿಟ್ಟು ಬರ್ತೀನಿ, ಕುಂದರ್ರಿ," ಎಂದಾಗ ಒಪ್ಪಿದೆ. ಆದರೆ ಮುಂದಿನ ಸೀಟಿನಲ್ಲಿ ಪರ ಗಂಡಸಿನ ಪಕ್ಕ ಕೂತು ಹೋದರೆ ಸೇಡಂ ತುಂಬ ಸುದ್ದಿ. ಹಿಂದೆ ಕೂರುತ್ತೇನೆ ಎಂದೆ.

ಹಿಂದೆ ಬಾಗಿಲೆಲ್ಲಿ? ಅವನು ಕಾರಿನ ಬೆನ್ನಿಗೆ ಹೋಗಿ, ಪೆಟ್ಟಿಗೆಯ ಮುಚ್ಚಳ ಎತ್ತಿದ ಹಾಗೆ ಇಡೀ ಬೆನ್ನನ್ನೇ ಮೇಲಕ್ಕೆತ್ತಿ, ಒಂದು ಬಿದಿರ ಕೋಲು ಆಸರೆ ಕೊಟ್ಟ. ನಡೆದು ಬಂದಿದ್ದ ಬಸ್ಸಿನ ಮಂದಿ ಮುತ್ತಿಕೊಂಡು ನೋಡಿತು.

"ಯವ್ವಾ, ಕಾರು ಆಕಳಿಸ್ತದ!" ಎಂದಳು ಒಬ್ಬ ಮುದುಕಿ.

ನಾನು ಲಸಿಕೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆ ಆಕಳಿಕೆಯೊಳಗೆ ಹತ್ತಿ ಕೂತೆ.

*

ಆ ಕಾರಿನ ಕಥೆ ಹೇಳದಿದ್ದರೆ ಭಗವಂತನ ಕಥೆ ಹೇಳಿದ ಹಾಗಾಗುವುದಿಲ್ಲ.

ಶಹಾಬಾದದಲ್ಲಿ ಯಾರೋ ಸಾಹೇಬರು ಬಿಟ್ಟುಹೋದ ಎರಡು ಬಾಗಿಲಿನ ವಿಲಾಯತಿ ಕಾರು ಹತ್ತು ವರ್ಷ ಬೇವಿನ ಗಿಡದ ಕೆಳಗೆ ಬಿದ್ದಿತ್ತಂತೆ. ಒಳಗೆ ಕೋಳಿ ಮೊಟ್ಟೆ ಇಡುತ್ತಿದ್ದವು. ಭಗವಂತ ಅದನ್ನು ಗುಜರಿ ಲೆಕ್ಕದಲ್ಲಿ ಕೊಂಡ. ಹಳೆಯ ಎಂಜಿನ್ನು ಕಿತ್ತು ಬಿಸಾಡಿ, ಹೈದರಾಬಾದಿನ ಗುಜರಿ ಬಜಾರಿನಲ್ಲಿ ಯಾವುದೋ ವ್ಯಾನಿನ ಎಂಜಿನ್ನು ಹುಡುಕಿ ತಂದು ಕೂರಿಸಿದ. ಹಿಂದಿನ ತಗಡು ಕತ್ತರಿಸಿ ಎತ್ತುವ ಬಾಗಿಲು ಮಾಡಿದ. ಹುಬ್ಬಿಗೂ ಹತ್ತುವಷ್ಟು ಕೆಂಪು ಬಣ್ಣ ಬಳಿದ. ಎರಡು ವರ್ಷ ಇದೇ ಕೆಲಸ. ಹಗಲು ಲಾರಿ ರಿಪೇರಿ, ಪುರಸೊತ್ತು ಸಿಕ್ಕಾಗೆಲ್ಲ ಇವಳ ಸೇವೆ.

ನಿಂತಾಗ ಎಮ್ಮೆಯ ಹಾಗೆ ಗುರುಗುಟ್ಟುತ್ತಿತ್ತು. ಬಿಟ್ಟರೆ ಚಿಗರಿಯ ಹಾಗೆ ಜಿಗಿತ. ಎರಡನೇ ಗೇರಿನಲ್ಲಿ ಬೆನ್ನು ಸೀಟಿಗೆ ಅಂಟುತ್ತಿತ್ತು. ಮೂರನೆಯದಕ್ಕೆ ಹೊಟ್ಟೆಯಲ್ಲಿ ಏನೋ ಜೋಲಿ ಹೊಡೆಯುತ್ತಿತ್ತು. ನಾಲ್ಕನೆಯದಕ್ಕೆ ಎಲ್ಲ ಗಲಾಟೆ ನಿಂತು, ಬರೀ ಗಾಳಿ, ಬರೀ ತೊಗರಿ ಹೊಲ, ರಸ್ತೆ ತಾನೇ ಓಡಿ ಬಂದು ಕಾರಿನ ಬಾಯಿಗೆ ಬೀಳುತ್ತಿತ್ತು.

ಗೇರು ಬದಲಿಸುವಾಗ ಅವನು ಕೈಯಿಂದ ಜಬರದಸ್ತಿ ಮಾಡುತ್ತಿರಲಿಲ್ಲ. ಮಲಗಿದ ಕೂಸಿನ ತಲೆಯ ಕೆಳಗಿಂದ ಕೈ ತೆಗೆದ ಹಾಗೆ ಮೆಲ್ಲಗೆ. ನಾನು ದಿನಕ್ಕೆ ಐವತ್ತು ಕೂಸು ಹಿಡಿಯುವವಳು. ಅಂಥ ಕೈ ನೋಡಿದರೆ ನನಗೆ ಗೊತ್ತಾಗುತ್ತದೆ.

ದವಾಖಾನೆಯ ಜೀಪು ಆ ವರ್ಷ ಪೂರ್ತಿ ಕೆಟ್ಟೇ ನಿಂತಿತ್ತು. ಕೋಡ್ಲಾಕ್ಕೆ ಐಸು ಕರಗದೆ ಮುಟ್ಟಿದ ಸುದ್ದಿ ಕೇಳಿ ಡಾಕ್ಟರು ಭಗವಂತನಿಗೆ ಹೇಳಿಕಳಿಸಿದರು. ಪ್ರತಿ ಗುರುವಾರ ಲಸಿಕೆ ಡಬ್ಬಿಯನ್ನೂ ನರ್ಸನ್ನೂ ಹಳ್ಳಿಗೆ ಮುಟ್ಟಿಸಬೇಕು. ಅಲ್ಲಿಂದ ನನ್ನ ವಾರಕ್ಕೆ ಒಂದೇ ದಿನ ಉಳಿಯಿತು, ಗುರುವಾರ.

ನಾನು ಹಿಂದೆ, ಅವನು ಮುಂದೆ. ನಡುವೆ ಅಂಗೈಯಷ್ಟು ಕನ್ನಡಿ. ಅದರಲ್ಲಿ ಅವನ ಮುಖದ ಒಂದು ಪಟ್ಟಿ ಕಾಣುತ್ತಿತ್ತು, ಹುಬ್ಬಿನಿಂದ ಮೂಗಿನ ತುದಿಯ ತನಕ. ನಗು ಬಾಯಲ್ಲಿ ಇರುತ್ತಿತ್ತು, ನನಗೆ ಕಾಣುತ್ತಿದ್ದದ್ದು ಅದರ ನೆರಳು ಕಣ್ಣಿನ ಮೂಲೆಯಲ್ಲಿ.

"ಕನ್ನಡಿ ರಸ್ತೆ ಕಡಿ ತಿರುಗಿಸ್ರಿ," ಎಂದೆ ಒಂದು ದಿನ.

"ರಸ್ತೆ ಕಡೀನೇ ಅದ್ರಿ."

"ಹಂಗಾದ್ರ ನನಗ ನಿಮ್ಮ ಕಣ್ಣು ಯಾಕ ಕಾಣ್ತಾವ?"

"ನೀವು ನೋಡ್ತೀರಿ, ಅದಕ್ಕ ಕಾಣ್ತಾವ."

ಕಿಟಕಿಯ ಕಡೆ ತಿರುಗಿದೆ. ಕಿವಿ ಬಿಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಕದ್ದು ನೋಡಿದರೆ ಆ ಎರಡು ಕಣ್ಣು ಅಲ್ಲೇ, ಬಾಡಿಗೆ ಮನೆ ಹಿಡಿದವರ ಹಾಗೆ.

ಇನ್ನೊಂದು ಮಾತು. ಊರಿಗೆ ಊರೇ ನನ್ನನ್ನು ಸಿಸ್ಟರ್ ಅನ್ನುತ್ತಿತ್ತು. ಮುದುಕರು, ಕೂಸುಗಳು, ಡಾಕ್ಟರು, ಎಲ್ಲರೂ. ಭಗವಂತ ಒಬ್ಬ ಮಾತ್ರ "ನರ್ಸಬಾಯಿ" ಅನ್ನುತ್ತಿದ್ದ. ಒಂದೇ ಒಂದು ದಿನವೂ ಸಿಸ್ಟರ್ ಎನ್ನಲಿಲ್ಲ. ನಾನೂ ಬುದ್ಧಿ ಇರುವ ಹೆಣ್ಣುಮಗಳು, ಲೆಕ್ಕ ಇಟ್ಟಿದ್ದೆ.

*

ಈಗ ನನ್ನ ದಡ್ಡತನದ ಬುಡಕ್ಕೆ ಬರೋಣ.

ಅವನು ಕಾರನ್ನು ಪೆಟ್ರೋಲ್ ಬಂಕಿಗೆ ಒಯ್ದರೆ ಕಾರುಗಳ ಕಡೆ ಹೋಗುತ್ತಿರಲಿಲ್ಲ. ಸೀದಾ ಲಾರಿ ಸಾಲು. ಮುಂದೊಂದು ಕಲ್ಲಿನ ಲಾರಿ, ಹಿಂದೊಂದು ಸಿಮೆಂಟಿನ ಲಾರಿ, ನಡುವೆ ನಮ್ಮ ಕೆಂಪು ಗುಬ್ಬಿ. ಲಾರಿಯವರು ಮೇಲಿನಿಂದ ಬಗ್ಗಿ ನೋಡಿ, "ಏ ಭಗವಂತ, ಕೂಸಿಗಿ ಊಟ ಮಾಡಸ್ಲಿಕ್ಕ ಬಂದಿಯೇನೋ?" ಎಂದು ಕಾಡುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಿದ್ದೆ.

"ಕಾರಿನ ಕಡಿ ಯಾಕ ಹಾಕಸಂಗಿಲ್ಲ?" ಎಂದು ಕೇಳಿದೆ.

"ನಮ್ಮ ಹುಡುಗಿಗಿ ಇದೇ ಸೇರ್ತದ್ರಿ."

ಆಗ ನಮ್ಮ ಕಡೆ ಕಾರು ಅಂದರೆ ಪೆಟ್ರೋಲ್, ಲಾರಿ ಅಂದರೆ ಡೀಸೆಲ್. ಸಣ್ಣ ಕಾರು ಡೀಸೆಲ್ ಕುಡಿಯುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪೆಟ್ರೋಲ್ ತುಟ್ಟಿ ಎಂದು ರಿಕ್ಷಾದವರು ಸೀಮೆಎಣ್ಣೆ ಬೆರೆಸುವುದು ಮಾತ್ರ ಗೊತ್ತಿತ್ತು. ಇವನೂ ಬಡತನಕ್ಕೆ ಹೀಗೆ ಮಾಡುತ್ತಾನೆ, ಬಾಯಿ ಬಿಟ್ಟು ಹೇಳಲು ನಾಚಿಕೆ, ಅದಕ್ಕೇ "ಸೇರ್ತದ" ಅನ್ನುತ್ತಾನೆ ಎಂದುಕೊಂಡೆ. ಮನೆಯಲ್ಲಿ ತುಪ್ಪ ಇಲ್ಲದವರು ನಮ್ಮ ಮಗುವಿಗೆ ತುಪ್ಪ ಸೇರುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಮನಸ್ಸು ಕರಗಿಹೋಯಿತು. ಒಂದು ಮಾತು ಬಿಡಿಸಿ ಕೇಳಿದ್ದರೆ ಮುಗಿಯುತ್ತಿತ್ತು. ಮರ್ಯಾದೆಗೆ ಕೇಳಲಿಲ್ಲ.

ಮೇ ತಿಂಗಳಲ್ಲಿ ಚಿಮ್ಮನಚೋಡಕ್ಕೆ ಹೋದೆವು. ನಮ್ಮ ಕಡೆಯ ಮೇ ಅಂದರೆ ಕಲ್ಲು ಕೂಡ ನೀರು ಕೇಳುತ್ತದೆ. ಸೇಡಂ ದಾಟುವಾಗಲೇ ಡಾಂಬರು ಮೆತ್ತಗಾಗಿತ್ತು. ಮೂರು ಹಳ್ಳಿಯ ಕೂಸುಗಳು ಅಲ್ಲಿಗೆ ಬರುವುದಿತ್ತು. ಹಿಂದಿನ ವರ್ಷ ಬಸ್ಸಿನಲ್ಲಿ ಒಯ್ದ ಲಸಿಕೆ ಅಲ್ಲಿಗೆ ಮುಟ್ಟುವುದರೊಳಗೆ ಬಿಸಿಯಾಗಿ, ಎಲ್ಲವನ್ನೂ ಚೆಲ್ಲಿ ಬರಿಗೈಯಲ್ಲಿ ಅತ್ತುಕೊಂಡು ತಿರುಗಿ ಬಂದಿದ್ದೆ.

"ಈ ಸರ್ತಿ ಕರಗಬಾರದು," ಎಂದೆ.

"ಗಟ್ಟಿ ಹಿಡಕೋರಿ," ಎಂದ.

ಅಷ್ಟೇ ಮಾತು. ಆವತ್ತು ಕನ್ನಡಿಯಲ್ಲಿ ಕಣ್ಣು ನನ್ನನ್ನು ನೋಡಲಿಲ್ಲ. ರಸ್ತೆ ಬಿಟ್ಟು ಸರಿಯಲಿಲ್ಲ. ತಗ್ಗು ಬಂದಲ್ಲಿ ಕಾರು ಹಾವಿನ ಹಾಗೆ ನುಲಿದು ಹೋಗುತ್ತಿತ್ತು. ಹೈದರಾಬಾದಿನ ಬಸ್ಸೊಂದು ಮುಂದಿತ್ತು. ಹಾರ್ನ್ ಹೊಡೆಯಲಿಲ್ಲ, ಅವಸರ ಮಾಡಲಿಲ್ಲ. ತಿರುವು ಮುಗಿದು ರಸ್ತೆ ಬಿಚ್ಚಿಕೊಂಡ ಕೂಡಲೇ ಒಂದು ಗೇರು ಇಳಿಸಿದ. ಕಾರು ಮೈ ಕೊಡವಿ ಬಸ್ಸಿನ ಉದ್ದಕ್ಕೂ ಜಾರಿ ಮುಂದೆ ಬಂತು. ಬಸ್ಸಿನ ಕಿಟಕಿಯಲ್ಲಿ ಒಂದು ಮಗು ಕೈ ಬೀಸಿತು. ನಾನೂ ಬೀಸಿದೆ. ಇಪ್ಪತ್ತೆರಡು ವರ್ಷದ ನರ್ಸು, ಬಾಯಿ ತೆರೆದು ಕೂಗಿದೆ ಕೂಡ. ಏನು ಕೂಗಿದೆನೋ ನನಗೇ ಗೊತ್ತಿಲ್ಲ.

ಚಿಮ್ಮನಚೋಡದ ಶಾಲೆಯ ಮುಂದೆ ಇಳಿದು ಡಬ್ಬಿಯ ಮುಚ್ಚಳ ತೆಗೆದೆ. ಐಸು ಗಟ್ಟಿಯಾಗೇ ಇತ್ತು, ಮೂಲೆ ಕೂಡ ಕರಗಿರಲಿಲ್ಲ. ಒಂದು ಚೂರು ಮುರಿದು ಅವನ ಅಂಗೈಗಿಟ್ಟೆ. ಅವನು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿ ಮುಚ್ಚಿದ. ನಾನು ಅರವತ್ತೊಂದು ಕೂಸುಗಳಿಗೆ ಲಸಿಕೆ ಹಾಕಿ ಬರುವ ತನಕ ಒದ್ದೆ ಕೈಯನ್ನು ಒರೆಸಿಕೊಳ್ಳದೆ ಹಾಗೇ ಕೂತಿದ್ದ.

*

ಮುಂದಿನ ವಾರ ಅವನು ತನ್ನ ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಸೀದಾ ಅಪ್ಪನನ್ನು ಕೇಳಿದ. ಆಗಿನ ಪದ್ಧತಿಯೇ ಹಾಗೆ. ನನಗೆ ಮಾತ್ರ ಸಿಟ್ಟು ಬಂತು. ಬಾಗಿಲ ಹಿಂದೆ ನಿಂತು ಸಿಟ್ಟಿನಿಂದಲೇ ನಗುತ್ತಿದ್ದೆ.

ಜಾತಿಯಲ್ಲಿ ನಮ್ಮವನೇ, ತಡಕಿದರೆ ದೂರದ ಸಂಬಂಧವೂ ಸಿಗುತ್ತಿತ್ತು. ಅಡ್ಡಿಯಾದದ್ದು ಕಾರು. ನಮ್ಮಪ್ಪ ಧರ್ಮಣ್ಣ ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಪಾಯಿಂಟ್ಸ್‌ಮನ್ ಆಗಿ ರೈಲಿನ ಹಳಿ ತಿರುಗಿಸಿ ರಿಟೈರಾದವನು. ಗಡಿಯಾರ ಅವನನ್ನು ನೋಡಿ ತಾನು ಸರಿ ಮಾಡಿಕೊಳ್ಳಬೇಕು, ಅಂಥ ಮನುಷ್ಯ.

"ಕೆಂಪು ಅಂದ್ರ ನಿಲ್ಲು ಅಂತ," ಎಂದ ಅಪ್ಪ. "ಮೂವತ್ತು ವರ್ಷ ಕೆಂಪು ತೋರಿಸಿ ರೈಲು ನಿಲ್ಲಿಸೀನಿ ನಾ. ನೀ ಕೆಂಪು ಬಳಕೊಂಡು ಓಡ್ಯಾಡ್ತಿ."

"ಹಸುರು ಬಳೀಲೇನ್ರಿ ಕಾಕಾ?"

"ಮಷ್ಕಿರಿ ಬ್ಯಾಡ. ನನ್ನ ಮಗಳು ನೌಕರಿ ಇದ್ದವರ ಮನಿಗಿ ಹೋಗಬೇಕು. ಸಿಮೆಂಟ್ ಫ್ಯಾಕ್ಟರಿಯಾಗ ಮೆಕ್ಯಾನಿಕ್ ಕೆಲಸಕ್ಕ ಕರ್ಯಾಕತ್ತಾರ. ಹೋಗಿ ಸೇರು. ಆದ್ರ ಈ ಕಾರು ಬಾಗಿಲಾಗ ನಿಂತಿರೋ ತನಕ ನೀ ಶಿಫ್ಟಿಗಿ ಹೋಗಾಂವಲ್ಲ, ಅದೂ ನನಗ ಗೊತ್ತದ. ಕಾರು ಮಾರು, ಕೆಲಸ ಹಿಡಿ, ಆಮ್ಯಾಲ ಕೇಳು. ಚಿಂಚೋಳಿಯಿಂದ ಕಾರಕೂನನ ಸಂಬಂಧ ಬಂದದ. ಸೋಮವಾರ ಅವರಿಗಿ ಹೂಂ ಅನ್ನಬೇಕು ಇಲ್ಲಾ ಊಹೂಂ ಅನ್ನಬೇಕು."

ಭಗವಂತ ಯೋಚಿಸುತ್ತಾನೆ, ವಾದ ಮಾಡುತ್ತಾನೆ ಅಂದುಕೊಂಡೆ.

"ಮಾರ್ತೀನಿ ಕಾಕಾ," ಎಂದ. ತಕ್ಷಣ. ಉಗುಳು ನುಂಗುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

ಹೋಗುವಾಗ ಅವನು ಕಾರಿನ ಕಡೆ ನೋಡಲಿಲ್ಲ. ಕೈ ಮಾತ್ರ ತಾನಾಗಿ ಹೋಗಿ ಅದರ ನೆತ್ತಿಯ ಮೇಲೆ ಒಂದು ಕ್ಷಣ ಕೂತಿತು. ನಾನು ಕಿಟಕಿಯಿಂದ ಆ ಕೈ ನೋಡಿದೆ. ಅವನು ನನಗಾಗಿ ಕೊಡುತ್ತಿದ್ದಾನೆ ಎಂದು ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ. ನನಗೆ ಅವನು ಬೇಕಿತ್ತು. ಆದರೆ ಆ ಕಾರಿನಿಂದ ಇಳಿಸಿದ ಅವನಲ್ಲ.

ಕೊಳ್ಳುವವನು ಶಹಾಬಾದದ ಕಲ್ಲಿನ ಗುತ್ತಿಗೆದಾರ ಭೀಮಶ್ಯಾ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆಯೇ ಕಾರು ನೋಡುವುದು ಎಂದಾಯಿತು. ಅಪ್ಪನಿಗೆ ಎಲ್ಲ ಕಣ್ಣೆದುರೇ ಆಗಬೇಕು. ಭಗವಂತ ಬೇಗ ಬಂದು ಕಾರು ನಿಲ್ಲಿಸಿ, ಅದನ್ನು ತೊಳೆದು, ಕಟಿಂಗ್ ಮಾಡಿಸಿಕೊಂಡು ಬರುತ್ತೇನೆ ಎಂದು ಬಜಾರಿಗೆ ಹೋದ. ಎಣ್ಣೆ ಎಷ್ಟಿದೆ ಎಂದು ತೋರಿಸುವ ಮುಳ್ಳು ನೋಡಿದೆ, ಟ್ಯಾಂಕು ಹೆಚ್ಚುಕಡಿಮೆ ಖಾಲಿ.

ನನ್ನ ತಲೆಯೊಳಗೆ ಆಗ ಬಂದದ್ದು ಇದು: ಪಾಪ, ಹುಟ್ಟಿದಾಗಿನಿಂದ ಲಾರಿಯ ಎಂಜಲು ಕುಡಿದು ಓಡಿದೆ. ಹೋಗುವ ದಿನವಾದರೂ ಹೊಟ್ಟೆ ತುಂಬ ಒಳ್ಳೆಯದು ಕುಡಿಯಲಿ. ಅವನ ಕಾರು ಅವನ ಮುಂದೆ ಒಂದು ಸಲ ಸಾಹೇಬರ ಕಾರಿನ ಹಾಗೆ ಓಡಲಿ.

ಮನೆಯ ಎರಡು ಡಬ್ಬಿ ತೆಗೆದುಕೊಂಡು ಬಂಕಿಗೆ ಹೋಗಿ, ಕಾರಿನ ಸಾಲಿನಲ್ಲಿ ತಲೆ ಎತ್ತಿ ನಿಂತು, ಪೆಟ್ರೋಲ್ ತುಂಬಿಸಿಕೊಂಡು ಬಂದೆ. ಒಂದು ಹನಿ ಚೆಲ್ಲದೆ ಟ್ಯಾಂಕಿಗೆ ಹೊಯ್ದೆ. ಕೂಸಿಗೆ ಔಷಧ ಕುಡಿಸಿದಷ್ಟು ಜೋಪಾನ.

*

ಭೀಮಶ್ಯಾ ಬಂದ, ಟೊಪ್ಪಿಗೆ ಸರಿಮಾಡಿಕೊಂಡು ಮುಂದೆ ಕೂತ. ಪೈಪಿನಲ್ಲಿ ಹಳೆಯದು ಉಳಿದಿತ್ತೇನೋ, ಕಾರು ಎಂದಿನಂತೆ ಗುರುಗುಟ್ಟಿ ಹೊರಟಿತು. ನಾನು ಅವ್ವನ ಪಕ್ಕ ಕಟ್ಟೆಯ ಮೇಲೆ ನಿಂತು ಕಣ್ಣೊರೆಸಿಕೊಂಡೆ.

ಒಂದು ತಾಸಾದರೂ ಬರಲಿಲ್ಲ. ಆಮೇಲೆ ಬಜಾರಿನ ಕಡೆಯಿಂದ ನಗೆ ಕೇಳಿಸಿತು.

ಮುಂದೆ ಎರಡು ಎತ್ತು. ಎತ್ತಿನ ಹಿಂದೆ ಹಗ್ಗ. ಹಗ್ಗದ ಹಿಂದೆ ಕೆಂಪು ಕಾರು. ಒಳಗೆ ಸ್ಟೇರಿಂಗ್ ಹಿಡಿದು, ಹೊಸ ಕಟಿಂಗಿನಲ್ಲಿ, ಕಿವಿ ಎರಡೂ ಕೆಂಪಗೆ ಮಾಡಿಕೊಂಡು ಕೂತ ಭಗವಂತ. ಓಣಿಯ ಮಂದಿ ಅಕ್ಕಪಕ್ಕ ಮೆರವಣಿಗೆ ಬರುತ್ತಿತ್ತು.

"ಏ ಭಗವಂತ, ಎಷ್ಟು ಹಾರ್ಸ್‌ಪವರೋ?"

"ಹಾರ್ಸ್ ಎಲ್ಲದ? ಎರಡೂ ಎತ್ತೇ ಅವ!"

ಕಾಗಿಣಾ ಸೇತುವೆಯ ನಡುಮಧ್ಯ ಕಾರು ಚಳಿಜ್ವರ ಬಂದವರ ಹಾಗೆ ನಡುಗಿ, ಕಟಕಟ ಹಲ್ಲು ಕಡಿದು, ಸತ್ತುಹೋಯಿತಂತೆ. ಭೀಮಶ್ಯಾ ಇಳಿದು, "ನನಗ ಹೊತ್ತೊಯ್ಯೋ ಗಾಡಿ ಬೇಕಪಾ, ನಾ ಹೊರೋ ಗಾಡಿ ಅಲ್ಲ," ಎಂದು ಹೇಳಿ ಸಿಕ್ಕ ಬಸ್ಸು ಹತ್ತಿ ಹೋದನಂತೆ.

ಅಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಳ್ಳತೊಡಗಿದ. ಚಿಂಚೋಳಿಯವರಿಗೆ ಇವತ್ತೇ ಹೇಳಿ ಬರುತ್ತೇನೆ ಎಂದು ಅವ್ವನಿಗೆ ಹೇಳುವುದು ಕೇಳಿಸಿತು.

ಅಂಗಳದಲ್ಲಿ ನಾನು, ಭಗವಂತ, ಸತ್ತ ಕಾರು. ಅವನು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಹುಬ್ಬು ಮೇಲಕ್ಕೆ ಹೋಯಿತು. ಮತ್ತೊಮ್ಮೆ ಮೂಸಿದ.

"ಪೆಟ್ರೋಲ್," ಎಂದ. "ಇದರಾಗ ಯಾರು ಹಾಕ್ಯಾರ?"

"ನಾ."

ನನ್ನನ್ನೇ ನೋಡಿದ. ಕನ್ನಡಿಯ ಪಟ್ಟಿಯಲ್ಲಿ ಅಲ್ಲ, ಪೂರ್ತಿ ಮುಖದಿಂದ. ನಿಧಾನವಾಗಿ ಅವನ ಮುಖದ ಮೇಲೆ ಬೆಳಕು ಬಂತು.

"ಅಂಬೂ," ಎಂದ. ಮೊದಲ ಸಲ ನನ್ನ ಹೆಸರು ಹಿಡಿದು ಕರೆದ. "ಕಾರು ಮಾರಬಾರದಂತ ಹಾಕೀದಿ? ಡೀಸೆಲ್ ಎಂಜಿನ್ನಿಗಿ ಪೆಟ್ರೋಲ್ ಹಾಕಿದ್ರ ನಿಂತು ಹೋಗ್ತದಂತ ತಿಳದು? ಎಂಥಾ ತಲಿ ನಿಂದು!"

ಹೌದು ಅಂದಿದ್ದರೆ ಮುಗಿಯಿತು. ಜೀವನವಿಡೀ ಜಾಣೆ ಎಂದು ಮೆರೆಯಬಹುದಿತ್ತು. ನಾಲಗೆ ಒಪ್ಪಲಿಲ್ಲ.

"ತಲಿ ಇಲ್ಲ, ಗಿಲಿ ಇಲ್ಲ. ಡೀಸೆಲ್ ಎಂಜಿನ್ ಅಂದ್ರ ಬ್ಯಾರೆ ಇರ್ತದೇನು? ನೀ ಬಡತನಕ್ಕ ಡೀಸೆಲ್ ಹಾಕ್ತಿ ಅನಕೊಂಡಿದ್ದೆ. ಕಡೀ ದಿನ ಹೊಟ್ಟಿ ತುಂಬ ಚಲೋದು ಕುಡೀಲಿ ಅಂತ ಹೊಯ್ದೆ."

ಅವನು ಕಾರಿಗೆ ಬೆನ್ನು ಕೊಟ್ಟು ಹಾಗೇ ನೆಲಕ್ಕೆ ಕುಸಿದು ಕೂತ. ಅಳುತ್ತಾನೋ ಎಂದು ಹೆದರಿದೆ. ನಗುತ್ತಿದ್ದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಐದು ತಿಂಗಳು ನನ್ನ ಗಾಡ್ಯಾಗ ಕುಂತೀದಿ! ಡೀಸೆಲ್ ಗಾಡಿ ಅಂತ ಗೊತ್ತಾಗಲಿಲ್ಲ?"

"ನೀ ಹೇಳೀದಿಯೇನು? ಬಾಯಿ ತೆಗದ್ರ ಇಕಿ, ಅಕಿ, ನಮ್ಮ ಹುಡುಗಿ ಅಂತಿ. ಒಂದಿನರೆ ಎಂಜಿನ್ ಅಂದೀಯೇನು?"

ಅದಕ್ಕೆ ಇನ್ನಷ್ಟು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ, "ಅಷ್ಟು ಪ್ರೀತಿ ಏನು ಈ ಕಾರಿನ ಮ್ಯಾಲ?"

"ಕಾರಿನ ಮ್ಯಾಲ ಅಲ್ಲ," ಎಂದೆ.

ಲಾರಿಯವರಿಗೆಲ್ಲ ಜವಾಬು ಕೊಡುವ ಭಗವಂತ, ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಪಕ್ಕಕ್ಕೆ ಎಳೆದಿಟ್ಟು ಸರಸರ ಕಾರಿನ ಅಡಿಗೆ ತೂರಿಕೊಂಡ. ಪೆಟ್ರೋಲ್ ಇಳಿಸಬೇಕು ಅಂತ ಗೊಣಗಿದ. ಹೊರಗೆ ಉಳಿದದ್ದು ಎರಡು ಕಾಲು ಮಾತ್ರ. ಆ ಕಾಲಿನ ಬೆರಳುಗಳು ಕುಣಿಯುತ್ತಿದ್ದವು.

ಅಷ್ಟರಲ್ಲಿ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಪ್ಪಾ, ಚಿಂಚೋಳಿಗಿ ಹೋಗಬ್ಯಾಡ."

"ಯಾಕ? ಇಲ್ಲಿ ಏನದ? ಕಾರೂ ಮಾರಲಿಲ್ಲ, ನೌಕರಿನೂ ಹಿಡೀಲಿಲ್ಲ."

"ನೌಕರಿ ಇದ್ದ ಮನಿ ಬೇಕು ಅಂದಿ ಹೌದಿಲ್ಲ? ನೌಕರಿ ನನಗದ. ಸರಕಾರಿ. ನಾ ಯಾವ ಮನಿಗಿ ಹೋದ್ರ ಆ ಮನಿ ನೌಕರಿ ಇದ್ದ ಮನಿ ಆಗ್ತದ."

ಅಪ್ಪ ಹೌಹಾರಿದ. "ಹೆಣ್ಮಗಳ ಪಗಾರದ ಮ್ಯಾಲ ಗಂಡ..."

"ಅಂವ ಸುಮ್ಕ ಕುಂದ್ರಾಂವಲ್ಲ. ಹಾಳು ಬಿದ್ದ ಲೋಹಕ್ಕ ಜೀವ ಕೊಟ್ಟಾನ, ಹೊಟ್ಟಿಗಿ ದುಡಕೊಳ್ಳಂಗಿಲ್ಲೇನು? ಈ ಬ್ಯಾಸಗಿಯಾಗ ಒಂದು ಲಸಿಕಿ ಕೆಟ್ಟಿಲ್ಲ ಅಪ್ಪಾ. ಚಿಮ್ಮನಚೋಡದಾಗ ಅರವತ್ತೊಂದು ಕೂಸು. ಅವನ ಕಾರಿದ್ದದ್ದಕ್ಕ ಆತು. ಕಾರು ಮಾರಿಸಿ ಅವನಿಗಿ ಶಿಫ್ಟಿಗಿ ಹಾಕಿದ್ರ ನಿನಗ ನೌಕರದಾರ ಅಳಿಯ ಸಿಗ್ತಾನ. ನನಗ ಇಂವ ಸಿಗಂಗಿಲ್ಲ."

"ನೀನೇ ಎಲ್ಲಾ ಹೇಳಿದಿ," ಎಂದ ಅಪ್ಪ. ಕಾರಿನ ಅಡಿಯಿಂದ ಹೊರಗೆ ಚಾಚಿದ ಕಾಲುಗಳ ಕಡೆ ಗದ್ದ ತಿರುಗಿಸಿದ. "ಇಂವ ಏನಂತಾನ? ಇವನಿಗಿ ಬಾಯಿಲ್ಲೇನು?"

ಬೆರಳುಗಳು ಕುಣಿಯುವುದು ನಿಂತಿತು. ಅವ್ವ ಬಾಗಿಲಿಗೆ ಬಂದಳು. ಮೂವರೂ ನಿಂತು ಎರಡು ಕಾಲುಗಳನ್ನು ನೋಡಿದೆವು. ಒಳಗೆ ಎಲ್ಲೋ ಪೆಟ್ರೋಲ್ ತೊಟ್ಟಿಕ್ಕುವ ಸದ್ದು.

ಕಾರಿನ ಅಡಿಯಿಂದ ಒಂದು ಎಣ್ಣೆಗೈ ಹೊರಗೆ ಬಂತು. ಅಂಗೈ ಮೇಲೆ ಮಾಡಿ, ಅಪ್ಪನ ಕಾಲ ಹತ್ತಿರ ಚಾಚಿಕೊಂಡಿತು.

"ಮಾವಾ," ಎಂದಿತು ಒಳಗಿನ ದನಿ, "ಹದಿನಾಕರ ಪಾನಾ ಕೊಡ್ರಿ."

ಅಪ್ಪ ಕೈ ನೋಡಿದ. ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಕೊಡ್ರಿ," ಎಂದಳು ಅವ್ವ. "ಹುಡುಗನ ಮಾರಿ ಮ್ಯಾಲ ಸೋರ್ಲಿಕತ್ತದ."

ಅಪ್ಪ ಹೆಗಲ ಟವೆಲ್ ತೆಗೆದು ಕಟ್ಟೆಯ ಮೇಲಿಟ್ಟ. ಮಂಡಿ ಹಿಡಿದುಕೊಂಡು, ಉಸ್ಸೆಂದು ಬಗ್ಗಿ, ಪೆಟ್ಟಿಗೆಯಲ್ಲಿ ತಡಕಾಡಿ ಒಂದನ್ನು ಎತ್ತಿದ.

"ಇದೇನು?"

"ಅದು ಹನ್ನೆರಡ್ರಿ ಮಾವಾ. ಅದರ ಬಾಜೂದು."

ಅಪ್ಪ ಅದನ್ನು ಇಟ್ಟು ಪಕ್ಕದ್ದನ್ನು ತೆಗೆದ. ಬೆಳಕಿಗೆ ಹಿಡಿದು ನಂಬರು ಓದಿದ, ಖಾತ್ರಿ ಮಾಡಿಕೊಂಡ, ಆ ಅಂಗೈಯೊಳಗಿಟ್ಟು ತನ್ನ ಕೈಯಿಂದಲೇ ಬೆರಳು ಮಡಚಿದ.

"ಗಟ್ಟಿ ಹಿಡಿ," ಎಂದ. "ಜಾರಿಸಬ್ಯಾಡ."